ಹಾಟ್ ಟಬ್ 'ಓ ಎಚ್' ಅಂದರೆ ಮೊದಲು ನೋಡಬೇಕಾದದ್ದು ಹೀಟರನ್ನಲ್ಲ

ವಿಷುವಿನ ರಜೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ದೊಡ್ಡಪ್ಪನ ಮಗನ ಹೋಂಸ್ಟೇ ಭರ್ತಿಯಾಗಿತ್ತು. ಅಡಿಕೆ ತೋಟದ ಬದಿಯಲ್ಲಿ, ಹಳೇ ಹಟ್ಟಿ ಇದ್ದ ಜಾಗದಲ್ಲಿ ಅವನೊಂದು ಹಾಟ್ ಟಬ್, ಅಂದರೆ ನಾಲ್ಕಾರು ಮಂದಿ ಬಿಸಿನೀರಿನಲ್ಲಿ ಕೂರುವ ತೊಟ್ಟಿ, ಇಟ್ಟಿದ್ದಾನೆ. ಸಂಜೆ ಅತಿಥಿಗಳು ಟವೆಲ್ ಹೊದ್ದು ಬಂದಾಗ ಟಬ್ಬಿನ ಡಿಸ್‌ಪ್ಲೇಯಲ್ಲಿ ಡಿಗ್ರಿಯ ಬದಲು ಎರಡಕ್ಷರ ಮಿನುಗುತ್ತಿದ್ದವು: ಓ, ಎಚ್. ಅಂದರೆ ಓವರ್‌ಹೀಟ್, ಬಿಸಿ ಜಾಸ್ತಿಯಾಗಿದೆ. ಕೈ ಅದ್ದಿ ನೋಡಿದರೆ ನೀರು ಉಗುರುಬೆಚ್ಚಗೆ ಅಷ್ಟೇ.

ಹೀಟರ್ ಕೆಟ್ಟಿದೆ ಅಂದುಕೊಂಡು ಹೊಸದು ತರಿಸಿ ಹಾಕಿಸಿದ. ಮೂರನೇ ದಿನ ಮತ್ತೆ ಓ ಎಚ್. ಕೊನೆಗೆ ಫಿಲ್ಟರ್ ಹೊರಗೆ ತೆಗೆದು ನೋಡಿದೆವು. ಬಿಳಿ ಬಟ್ಟೆಯ ಮಡಿಕೆಗಳು ಇರಬೇಕಾದಲ್ಲಿ ಬೂದು ಬಣ್ಣದ ಗೋಡೆ. ಉಗುರಿನಿಂದ ಕೆರೆದರೆ ಬೆಣ್ಣೆಯಂಥ ಜಿಡ್ಡು ಬಂತು. ಸನ್‌ಸ್ಕ್ರೀನ್, ತಲೆಯ ತೆಂಗಿನೆಣ್ಣೆ, ಅದರ ಮೇಲೆ ಅಡಿಕೆ ಹಿಂಗಾರದ ಹುಡಿ. ಅದನ್ನು ತೆಗೆದಿಟ್ಟು ಪಂಪ್ ಓಡಿಸಿದ್ದೇ ತಡ, ಟಬ್ ಸರಿಹೋಯಿತು.

ತಣ್ಣಗಿನ ನೀರಿರುವಾಗ 'ಬಿಸಿ ಜಾಸ್ತಿ' ಎಂದು ಯಂತ್ರ ಯಾಕೆ ಹೇಳಿತು? ಇದು ಅರ್ಥವಾದರೆ ಟಬ್ಬಿನ ಮುಕ್ಕಾಲುಪಾಲು ತೊಂದರೆ ಅರ್ಥವಾದಂತೆ. ಬೇಕಲದ ಕಡೆಯ ರೆಸಾರ್ಟ್‌ಗಳಲ್ಲಿ ಇದ್ದ ಟಬ್ಬು ಈಗ ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಿಗೂ ಬರುತ್ತಿದೆ. ಅದರ ಜೊತೆ ಬರುವ ಪುಸ್ತಕ ಚಳಿ ದೇಶದವರಿಗೆ ಬರೆದದ್ದು. ನಮ್ಮ ಸೆಕೆಯ ಬಗ್ಗೆ, ನಮ್ಮ ಬಾವಿ ನೀರಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರುವುದಿಲ್ಲ.

ಹಂಡೆ ಮತ್ತು ತೋಟದ ಪಂಪು

ನಮ್ಮ ಬಚ್ಚಲಿನ ಹಂಡೆಯನ್ನು ನೆನಪಿಸಿಕೊಳ್ಳಿ. ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ, ಮೇಲೆ ನೀರು. ಬೆಂಕಿ ಹಂಡೆಯ ಅಡಿಗೇ ತಾಗುತ್ತದೆ, ನೀರು ತಾನೇ ಮೇಲೆ ಕೆಳಗೆ ಸುತ್ತಿ ಬಿಸಿಯಾಗುತ್ತದೆ.

ಹಾಟ್ ಟಬ್ಬಿನಲ್ಲಿ ಬೆಂಕಿ ಇರುವುದು ಬೇರೆ ಕಡೆ. ಟಬ್ಬಿನ ಹೊಟ್ಟೆಯಲ್ಲಿ, ಪ್ಯಾನೆಲಿನ ಹಿಂದೆ, ಒಂದು ಸ್ಟೀಲ್ ಕೊಳವೆ ಇದೆ. ಅದರೊಳಗೆ ಗೀಸರಿನಲ್ಲಿರುವಂಥ ಕಾಯಿಲ್. ಟಬ್ಬಿನಲ್ಲಿ ಸಾವಿರ ಲೀಟರ್ ನೀರಿದ್ದರೂ ಈ ಕೊಳವೆಯಲ್ಲಿ ಒಂದು ಹೊತ್ತಿಗೆ ಇರುವುದು ಅರ್ಧ ಲೀಟರ್, ಹೆಚ್ಚೆಂದರೆ ಒಂದು ಲೀಟರ್. ಪಂಪ್ ಟಬ್ಬಿನ ನೀರನ್ನು ಎಳೆದು, ಫಿಲ್ಟರಿನಲ್ಲಿ ಸೋಸಿ, ಈ ಕೊಳವೆಯ ಮೂಲಕ ತಳ್ಳಿ, ವಾಪಸ್ ಟಬ್ಬಿಗೆ ಬಿಡುತ್ತದೆ. ಹೀಗೆ ಸುತ್ತುವುದಕ್ಕೇ ಸರ್ಕ್ಯುಲೇಷನ್ ಎನ್ನುವುದು. ಅಂದರೆ ಇದು ಹಂಡೆ ಮತ್ತು ತೋಟದ ಪಂಪು ಎರಡೂ ಸೇರಿದ ಯಂತ್ರ. ಎರಡನ್ನೂ ನಾವು ಚಿಕ್ಕಂದಿನಿಂದ ನೋಡಿದ್ದೇವೆ, ಅಲ್ವಾ?

ಇದಕ್ಕೆ ಕಾವಲುಗಾರರೂ ಇದ್ದಾರೆ. ಕೊಳವೆಯ ಹತ್ತಿರ ಬಿಸಿ ಅಳೆಯುವ ಸೆನ್ಸರ್‌ಗಳು. ಕೆಲವು ಟಬ್ಬುಗಳಲ್ಲಿ ನೀರು ಓಡುತ್ತಿದೆಯೇ ಎಂದು ನೋಡುವ ಫ್ಲೋ ಸ್ವಿಚ್, ಇನ್ನು ಕೆಲವುಗಳಲ್ಲಿ ನೀರಿನ ಒತ್ತಡ ನೋಡುವ ಪ್ರೆಶರ್ ಸ್ವಿಚ್. ಇವೆಲ್ಲ ಸುದ್ದಿ ಕಳಿಸುವುದು ಕಂಟ್ರೋಲ್ ಬೋರ್ಡಿಗೆ. ಹೀಟರ್ ಹಾಕುವುದು, ಆರಿಸುವುದು, ಡಿಸ್‌ಪ್ಲೇಯಲ್ಲಿ ಅಕ್ಷರ ತೋರಿಸುವುದು ಈ ಬೋರ್ಡಿನ ಕೆಲಸ.

ಮುಕ್ಕಾಲು ನಿಮಿಷದ ಲೆಕ್ಕ

ಮೂರು ಕಿಲೋವಾಟಿನ ಹೀಟರ್ ಅಂದುಕೊಳ್ಳಿ. ಪಂಪ್ ನಿಮಿಷಕ್ಕೆ ನೂರು ಲೀಟರ್ ನೀರು ತಳ್ಳುತ್ತಿದ್ದರೆ, ಕೊಳವೆಯ ಒಳಗೆ ಹೋದ ನೀರು ಹೊರಗೆ ಬರುವಾಗ ಅರ್ಧ ಡಿಗ್ರಿಯೂ ಬಿಸಿಯಾಗಿರುವುದಿಲ್ಲ. ಅಷ್ಟು ಸ್ವಲ್ಪ ಸ್ವಲ್ಪವೇ, ಸುತ್ತು ಸುತ್ತಾಗಿ, ಇಡೀ ಟಬ್ ಬಿಸಿಯಾಗಬೇಕು. ಸಾವಿರ ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 1.16 ಯೂನಿಟ್ ಕರೆಂಟ್ ಬೇಕು. 27 ಡಿಗ್ರಿಯ ಬಾವಿ ನೀರನ್ನು 39 ಡಿಗ್ರಿಗೆ ತರಲು 14 ಯೂನಿಟ್, ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ. "ಅತಿಥಿಗಳು ಬಂದ ಮೇಲೆ ಸ್ವಿಚ್ ಹಾಕಿದರಾಯಿತು" ಎನ್ನುವವರು ಈ ಲೆಕ್ಕ ಒಮ್ಮೆ ನೋಡಿಕೊಳ್ಳಿ.

ಈಗ ನೀರು ನಿಂತಿತು ಎನ್ನಿ. ಹೀಟರ್ ಉರಿಯುತ್ತಲೇ ಇದೆ. ಕೊಳವೆಯಲ್ಲಿ ಸಿಕ್ಕಿಬಿದ್ದ ಅರ್ಧ ಲೀಟರ್ ನೀರು ಸೆಕೆಂಡಿಗೆ ಸುಮಾರು ಒಂದೂವರೆ ಡಿಗ್ರಿಯಂತೆ ಏರುತ್ತದೆ. 38 ಡಿಗ್ರಿಯಿಂದ 48ಕ್ಕೆ ಹೋಗಲು ಏಳು ಸೆಕೆಂಡು ಸಾಕು. ಕುದಿಯಲು ಮುಕ್ಕಾಲು ನಿಮಿಷವೂ ಬೇಡ. ಆಮೇಲೆ ಆವಿ, ಅದರ ಹಿಂದೆ ಒಣ ಕಾಯಿಲ್, ಕರಗುವ ಪ್ಲಾಸ್ಟಿಕ್ ಜೋಡಣೆ. ನೀರಿಲ್ಲದ ಬಕೆಟಿನಲ್ಲಿ ಇಮ್ಮರ್ಷನ್ ರಾಡ್ ಹಾಕಿದಂತೆ.

ದೊಡ್ಡಪ್ಪನ ಮಗನ ಟಬ್ಬಿನಲ್ಲಿ ಆದದ್ದು ಇದೇ. ಟಬ್ಬಿನ ಸಾವಿರ ಲೀಟರ್ ತಣ್ಣಗಿತ್ತು. ಕೊಳವೆಯ ಅರ್ಧ ಲೀಟರ್ ಸುಡುತ್ತಿತ್ತು. ಸೆನ್ಸರ್ ಇದ್ದದ್ದು ಕೊಳವೆಯಲ್ಲಿ. ಅದು ಸುಳ್ಳು ಹೇಳಲಿಲ್ಲ.

ಮಿನುಗುವ ಅಕ್ಷರಗಳು

ಅಕ್ಷರಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಅದಕ್ಕೆ ನಿಮ್ಮ ಟಬ್ಬಿನ ಪುಸ್ತಕವನ್ನೇ ಮೊದಲು ನೋಡಿ. ಎಷ್ಟೋ ಟಬ್ಬುಗಳ ಒಳಗೆ ಬಾಲ್‌ಬೋವಾ ಕಂಪನಿಯ ಕಂಟ್ರೋಲ್ ಬೋರ್ಡ್ ಇರುವುದರಿಂದ ಉದಾಹರಣೆಗೆ ಅದರ ಭಾಷೆ ತಿಳಿದಿದ್ದರೆ ಒಳ್ಳೆಯದು.

'ಓ ಎಚ್ ಎಚ್' ಅಂದರೆ ಹೀಟರ್ ಕೊಳವೆಯ ಹತ್ತಿರ ಸುಮಾರು 48 ಡಿಗ್ರಿ ಕಂಡಿದೆ. 'ಓ ಎಚ್ ಎಸ್' ಅಂದರೆ ಟಬ್ಬಿನ ನೀರೇ ಸುಮಾರು 43 ಡಿಗ್ರಿ ದಾಟಿದೆ. ಎರಡೂ ಓವರ್‌ಹೀಟೇ, ಆದರೆ ಕಥೆ ಬೇರೆ ಬೇರೆ. ಮೊದಲನೆಯದಕ್ಕೆ ಹರಿವಿನ ಮೇಲೆ ಅನುಮಾನ ಪಡಬೇಕು. ಎರಡನೆಯದಕ್ಕೆ ಸೆಕೆ, ಪಂಪು, ರಿಲೇ (ಹೀಟರ್ ಹಾಕಿ ಆರಿಸುವ ಸಣ್ಣ ಸ್ವಿಚ್), ಸೆನ್ಸರ್ ಕಡೆ ನೋಡಬೇಕು.

'ಎಚ್ ಎಫ್ ಎಲ್' ಎಂದು ಬಂದರೆ ಎರಡು ಸೆನ್ಸರ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ, ಪ್ರಾಯಶಃ ನೀರು ನಿಧಾನ ಓಡುತ್ತಿದೆ. ಅದೇ ತೊಂದರೆ ಮತ್ತೆ ಮತ್ತೆ ಬಂದರೆ 'ಎಲ್ ಎಫ್' ಬರುತ್ತದೆ. 'ಡಿ ಆರ್', 'ಡಿ ವೈ' ಅಂದರೆ ಕೊಳವೆಯಲ್ಲಿ ನೀರು ಸಾಲದು ಅಥವಾ ಗಾಳಿಗುಳ್ಳೆ ಇದೆ. 'ಎಸ್ ಎನ್' ಎಂದು ಶುರುವಾದರೆ ಸೆನ್ಸರಿನದೇ ತೊಂದರೆ. ಇಲಿ ಕಡಿದ ವೈರಿನಿಂದಲೂ ಅದು ಬರುತ್ತದೆ. ತೋಟದ ಮಧ್ಯೆ ಇರುವ ಟಬ್ಬಿನ ಹೊಟ್ಟೆ ಬೆಚ್ಚಗೆ, ಕತ್ತಲೆಯಾಗಿ ಇರುತ್ತದೆ. ಇಲಿಗೆ ಅದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು?

ಹರಿವು ಕಡಿಮೆಯಾದಾಗ

ಸುಲಭದ್ದು ಮೊದಲು. ನೀರಿನ ಮಟ್ಟ ನೋಡಿ. ಟಬ್ಬಿನ ಬದಿಯಲ್ಲಿ ನೀರು ಎಳೆಯುವ ಬಾಯಿ ಇದೆ, ಅದೇ ಸ್ಕಿಮ್ಮರ್. ನೀರು ಅದಕ್ಕಿಂತ ಕೆಳಗೆ ಹೋದರೆ ಪಂಪ್ ಗಾಳಿ ಕುಡಿಯುತ್ತದೆ. ನಾಲ್ಕು ಮಂದಿ ಕೂತು ಎದ್ದರೆ ಚೆಲ್ಲಿಹೋಗುವ ನೀರು ಕಡಿಮೆಯಲ್ಲ.

ಆಮೇಲೆ ಫಿಲ್ಟರ್. ಟಬ್ ಆಫ್ ಮಾಡಿ ಫಿಲ್ಟರ್ ತೆಗೆದಿಡಿ, ಟಬ್ಬಿನ ಸ್ವಿಚ್ ಮತ್ತೆ ಹಾಕಿ ಸ್ವಲ್ಪ ಹೊತ್ತು ಫಿಲ್ಟರ್ ಇಲ್ಲದೆ ಓಡಿಸಿ. ಯಾರೂ ನೀರಿಗೆ ಇಳಿಯಬಾರದು. ಡಿಸ್‌ಪ್ಲೇ ಸುಮ್ಮನಾಯಿತೇ? ಹಾಗಾದರೆ ಕಳ್ಳ ಸಿಕ್ಕಿದ. ಇಷ್ಟು ಸುಲಭದ ಪರೀಕ್ಷೆ ಮಾಡದೆ ಹೀಟರ್ ಬದಲಿಸುವುದು, ಗಂಟಲು ಕಟ್ಟಿದ್ದಕ್ಕೆ ಹಲ್ಲು ಕೀಳಿಸಿದ ಹಾಗೆ.

ಫಿಲ್ಟರ್ ತೊಳೆಯುವಾಗ ಮಡಿಕೆಗಳ ನಡುವೆ ಪೈಪಿನ ನೀರು ಬಿಡಿ. ಪ್ರೆಶರ್ ವಾಷರ್ ಬೇಡ, ಬಟ್ಟೆ ಹರಿಯುತ್ತದೆ. ಪಾತ್ರೆ ತಿಕ್ಕುವ ಸೋಪು ಬೇಡವೇ ಬೇಡ, ಆಮೇಲೆ ಟಬ್ ತುಂಬ ನೊರೆ. ಜಿಡ್ಡು ಬಿಡಿಸಲೆಂದೇ ಫಿಲ್ಟರ್ ಕ್ಲೀನರ್ ಸಿಗುತ್ತದೆ, ರಾತ್ರಿ ನೆನೆಹಾಕಿ ಬೆಳಿಗ್ಗೆ ತೊಳೆದರೆ ಆಯಿತು. ಅತಿಥಿಗಳು ದಿನವೂ ಇಳಿಯುವ ಟಬ್ಬಿಗೆ ವಾರಕ್ಕೊಮ್ಮೆ ನೀರಿನ ತೊಳೆತ ಬೇಕೇ ಬೇಕು. ನೀರಿಗಿಳಿಯುವ ಮೊದಲು ತಲೆಗೆ ಎಣ್ಣೆ ಹಾಕಬೇಡಿ ಎಂದು ಒಂದು ಬೋರ್ಡು ತೂಗುಹಾಕಿದರೂ ಫಿಲ್ಟರಿನ ಆಯುಸ್ಸು ಹೆಚ್ಚುತ್ತದೆ. ಅದು ಅತಿಥಿಗಳಿಗೆ ಹಿಡಿಸದಿರಬಹುದು, ಅದು ಬೇರೆ ಮಾತು.

ಫಿಲ್ಟರ್ ತೆಗೆದರೂ ಅಕ್ಷರ ಹೋಗಲಿಲ್ಲವೆಂದರೆ ವಾಲ್ವುಗಳನ್ನು ನೋಡಿ. ಪಂಪಿನ ಎರಡು ಬದಿಯಲ್ಲಿ ಎಳೆದು ತೆರೆಯುವ ವಾಲ್ವ್ ಇರುತ್ತದೆ. ರಿಪೇರಿಗೆ ಬಂದವರು ಮುಚ್ಚಿ, ತೆರೆಯಲು ಮರೆತು ಹೋಗಿರುವುದುಂಟು.

ಮುಂದಿನದ್ದು ಗಾಳಿ. ಇದು ತೋಟದವರಿಗೆ ಹೇಳಿಕೊಡಬೇಕಾದ್ದೇ ಇಲ್ಲ. ಪೈಪಿನ ಬುಡದಲ್ಲಿ ನೀರು ಹಿಂದೆ ಇಳಿಯದಂತೆ ಹಿಡಿಯುವ ಫುಟ್‌ವಾಲ್ವ್ ಸೋರಿದಾಗ ತೋಟದ ಪಂಪು ಗರ್ರೆಂದು ತಿರುಗುತ್ತದೆ, ಜೆಟ್ಟಿನಲ್ಲಿ ಒಂದು ಹನಿ ನೀರಿಲ್ಲ. ಮೇಲಿನ ಮುಚ್ಚಳ ತೆಗೆದು ನೀರು ಹೊಯ್ದು ಗಾಳಿ ಬಿಡಿಸುತ್ತೇವೆ. ಹಾಟ್ ಟಬ್ಬಿನ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗೆ ಕೂತಿರುವುದರಿಂದ ಫುಟ್‌ವಾಲ್ವ್ ಬೇಡ, ನೀರು ತಾನೇ ಇಳಿದು ಬರುತ್ತದೆ. ಆದರೆ ಟಬ್ ಖಾಲಿ ಮಾಡಿ ಮತ್ತೆ ತುಂಬಿಸಿದಾಗ ಪೈಪಿನ ತಿರುವಿನಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಪಂಪ್ ತಿರುಗುವ ಸದ್ದು ಕೇಳುತ್ತದೆ, ಟಬ್ಬಿನೊಳಗೆ ನೀರು ಚಿಮ್ಮಿಸುವ ಜೆಟ್ಟಿನಿಂದ ನೀರು ಬರುವುದಿಲ್ಲ, ಬಂದರೂ ಕೆಮ್ಮಿದ ಹಾಗೆ ಬರುತ್ತದೆ.

ಇದಕ್ಕೆ ಮೇನ್ ಸ್ವಿಚ್ ಆಫ್ ಮಾಡಿ, ಪಂಪಿಗೆ ಪೈಪು ಜೋಡಿಸುವ ಯೂನಿಯನ್ ನಟ್ಟನ್ನು ಕೈಯಲ್ಲೇ ಕಾಲು ಸುತ್ತು ಸಡಿಲಿಸಿ. ಉಸ್ಸ್ ಎಂದು ಗಾಳಿ ಬರುತ್ತದೆ. ಅದರ ಹಿಂದೆ ನೀರು ಜಿನುಗಿದ ಕೂಡಲೇ ಬಿಗಿ ಮಾಡಿ. ನೆಲ ಒರೆಸಿ, ಒದ್ದೆ ಕೈ ಒರೆಸಿ, ಆಮೇಲೆ ಸ್ವಿಚ್. ಇಷ್ಟೆಲ್ಲ ರಗಳೆಯೇ ಬೇಡ ಎಂದರೆ ಟಬ್ ತುಂಬಿಸುವಾಗಲೇ ಪೈಪನ್ನು ಟಬ್ಬಿನ ಮಧ್ಯೆ ಬಿಡದೆ ಫಿಲ್ಟರ್ ಕೂರುವ ಗುಂಡಿಯೊಳಗೆ ಇಡಿ. ನೀರು ಕೆಳಗಿನಿಂದ ಏರುತ್ತ ಗಾಳಿಯನ್ನು ಮುಂದೆ ತಳ್ಳುತ್ತದೆ.

ಉಳಿದದ್ದು ಪಂಪೇ. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಹೋಗಿರಬೇಕು, ಇಲ್ಲವೇ ಒಳಗಿನ ಚಕ್ರ, ಅಂದರೆ ಇಂಪೆಲ್ಲರ್, ಹಿಡಿದಿರಬೇಕು. ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಬಿದ್ದಾಗ ಮಾತ್ರ ಹೀಗಾದರೆ ತಪ್ಪು ಪಂಪಿನದಲ್ಲ. ಅರ್ಧ ಗಂಟೆ ಓಡಿ ತಾನೇ ನಿಂತು, ತಣಿದ ಮೇಲೆ ಮತ್ತೆ ಓಡಿದರೆ ಮೋಟಾರು ಬಿಸಿಯಾಗಿ ಅದರ ಕಾವಲು ಸ್ವಿಚ್ ಬೀಳುತ್ತಿದೆ. ಟಬ್ಬಿನ ಬದಿಯ ಗಾಳಿಕಿಂಡಿಗಳಿಗೆ ಒಣ ಸೋಗೆ, ಗೋಣಿಚೀಲ ಒರಗಿಸಿಟ್ಟಿದ್ದೀರಾ ನೋಡಿ.

ನೀರು ನಿಜಕ್ಕೂ ಜಾಸ್ತಿ ಬಿಸಿಯಾದಾಗ

ಇದು ನಮ್ಮೂರಿನ ವಿಶೇಷ. ಹೀಟರ್ ಆಫ್ ಇದ್ದರೂ ಟಬ್ಬಿನ ನೀರು 41, 42 ಡಿಗ್ರಿ ಮುಟ್ಟುವುದುಂಟು. ದೆವ್ವ ಹೊಕ್ಕಿದ್ದಲ್ಲ. ಪಂಪ್ ತಿನ್ನುವ ಕರೆಂಟಿನ ಒಂದಷ್ಟು ಪಾಲು ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. 250 ವಾಟಿನ ಸಣ್ಣ ಪಂಪ್ ದಿನವಿಡೀ ಓಡಿದರೆ ಆರು ಯೂನಿಟ್. ಅದರಲ್ಲಿ ಅರ್ಧ ನೀರಿಗೆ ಸೇರಿದರೂ ಸಾವಿರ ಲೀಟರ್ ನೀರು ದಿನಕ್ಕೆ ಎರಡೂವರೆ ಡಿಗ್ರಿ ಏರಬೇಕು.

ಚಳಿ ದೇಶದಲ್ಲಿ ಇದು ಗೊತ್ತೇ ಆಗುವುದಿಲ್ಲ. ಬಿಸಿ ಹೊರಗೆ ಹೋಗುವ ವೇಗ ಒಳಗಿನ ಮತ್ತು ಹೊರಗಿನ ಬಿಸಿಯ ವ್ಯತ್ಯಾಸದ ಮೇಲೆ ನಿಂತಿದೆ. ಹೊರಗೆ ಸೊನ್ನೆ ಡಿಗ್ರಿ, ಒಳಗೆ 38 ಇದ್ದರೆ ವ್ಯತ್ಯಾಸ 38. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 33, ಒಳಗೆ 38. ವ್ಯತ್ಯಾಸ ಬರೀ ಐದು. ಅದೂ ಚಳಿಗೆಂದೇ ಫೋಮ್ ತುಂಬಿ, ದಪ್ಪ ಮುಚ್ಚಳ ಹಾಕಿದ ಟಬ್ಬು. ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡು ತೋಟಕ್ಕೆ ಇಳಿದ ಹಾಗೆ.

ಹಾಗಾಗಿ ಬೇಸಗೆಯಲ್ಲಿ ಫಿಲ್ಟರ್ ಓಡುವ ಗಂಟೆಗಳನ್ನು ಸೆಟ್ಟಿಂಗಿನಲ್ಲಿ ಕಡಿಮೆ ಮಾಡಿ, ಅದನ್ನು ರಾತ್ರಿಗೆ ಹಾಕಿ. ತೀರಾ ಕಡಿಮೆ ಮಾಡಿದರೆ ನೀರು ಕೆಡುತ್ತದೆ, ಜೋಪಾನ. ಸಂಜೆ ಒಂದೆರಡು ಗಂಟೆ ಮುಚ್ಚಳ ತೆರೆದಿಡಿ, ಮಕ್ಕಳಿದ್ದಲ್ಲಿ ಯಾರಾದರೂ ಹತ್ತಿರ ಇರಲಿ. ಟಬ್ಬಿಗೆ ಮಧ್ಯಾಹ್ನದ ಬಿಸಿಲು ಬೀಳದ ಹಾಗೆ ಮಡಲಿನ ಮಾಡು ಹಾಕಿಸಿದರೂ ಉಪಕಾರವಾಗುತ್ತದೆ.

ಸೆಕೆಯ ಲೆಕ್ಕಕ್ಕೆ ಸಿಗದ ಬಿಸಿಯೂ ಉಂಟು. ಬೋರ್ಡಿನಲ್ಲಿ ಹೀಟರನ್ನು ಹಾಕಿ ಆರಿಸುವ ಸಣ್ಣ ಸ್ವಿಚ್ ಇದೆ, ರಿಲೇ ಅನ್ನುತ್ತಾರೆ. ಅದರ ತುದಿಗಳು ಕೆಲವೊಮ್ಮೆ ಬೆಸೆದುಕೊಂಡು ಬಿಡುತ್ತವೆ. ಬೋರ್ಡು 'ಆರು' ಎಂದರೂ ಹೀಟರ್ ಆರುವುದಿಲ್ಲ. ಡಿಸ್‌ಪ್ಲೇಯಲ್ಲಿ ಹೀಟರಿನ ಗುರುತು ಇಲ್ಲ, ಪಂಪಿನ ಲೆಕ್ಕಕ್ಕಿಂತ ತುಂಬ ಬೇಗ ಡಿಗ್ರಿ ಏರುತ್ತಿದೆ ಎಂದರೆ ಮೇನ್ ಇಳಿಸಿ, ಮೆಕ್ಯಾನಿಕ್ಕನ್ನು ಕರೆಯಿರಿ. ಇದು ನಮ್ಮ ಕೈಯ ರಿಪೇರಿಯಲ್ಲ.

ಸೆನ್ಸರ್ ತಪ್ಪು ಲೆಕ್ಕ ಹೇಳುತ್ತಿದೆಯೇ ಎಂದು ತಿಳಿಯಲು ಮನೆಯಲ್ಲೇ ಉಪಾಯ ಇದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ 42 ಡಿಗ್ರಿಯವರೆಗೆ ತೋರಿಸುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಟಬ್ಬಿನ ನೀರನ್ನು ಒಂದು ಚೆಂಬಿನಲ್ಲಿ ತೆಗೆದು ತಕ್ಷಣ ಅದರ ತುದಿ ಅದ್ದಿ. ಡಿಸ್‌ಪ್ಲೇ 38 ಅಂದು, ಥರ್ಮಾಮೀಟರ್ 41 ಅಂದರೆ ನಂಬಬೇಕಾದದ್ದು ಥರ್ಮಾಮೀಟರನ್ನು. ನೀರಿಗಿಳಿಯಲು 40 ಡಿಗ್ರಿ ಮೇಲ್ಮಿತಿ. ಬಸುರಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಬಿಸಿ ಟಬ್ಬಿಗೆ ಇಳಿಯಬಾರದು.

ಮುರಕಲ್ಲಿನ ನೀರು

ಹೊರದೇಶದ ಪುಸ್ತಕಗಳು ಹೀಟರಿಗೆ ಸುಣ್ಣ ಕಟ್ಟುವ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಗಡಸು ನೀರಿರುವ ಊರಿನಲ್ಲಿ ಅದು ನಿಜ. ಕಾಸರಗೋಡಿನ ಒಳನಾಡಿನಲ್ಲಿ ಹೆಚ್ಚಾಗಿ ತೊಂದರೆ ತಿರುವುಮುರುವು. ಮುರಕಲ್ಲಿನ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮೆದು, ಸ್ವಲ್ಪ ಹುಳಿ. ನೀರಿನ ಹುಳಿಯ ಅಳತೆ ಪಿಎಚ್, ಅದು ಆರರ ಆಸುಪಾಸು. ಕುಡಿಯಲು ಸಿಹಿ, ಲೋಹಕ್ಕೆ ವೈರಿ. ಇಂಥ ನೀರು ಹೀಟರ್ ಕಾಯಿಲನ್ನು ಒಳಗಿಂದೊಳಗೇ ತಿನ್ನುತ್ತದೆ. ಕಾಯಿಲಿನ ಮೇಲ್ಪದರ ತೂತಾದರೆ ಕರೆಂಟ್ ನೀರಿಗೆ ಸೋರುತ್ತದೆ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಬೀಳುತ್ತದೆ. ಹೀಟರ್ ಹಾಕಿದಾಗ ಮಾತ್ರ ಆರ್‌ಸಿಸಿಬಿ ಬೀಳುವುದಾದರೆ ಆಗ ಹೀಟರ್ ಮೇಲೆ ಅನುಮಾನ ಪಡಿ. ದೊಡ್ಡಪ್ಪನ ಮಗ ಹೊಸ ಹೀಟರಿಗೆ ದುಡ್ಡು ಹಾಕಬೇಕಾಗಿದ್ದದ್ದು ಇಂಥ ದಿನ.

ಟಬ್ಬಿನ ನೀರಿನ ಪಿಎಚ್ 7.2ರಿಂದ 7.8ರ ಒಳಗೆ ಇರಬೇಕು. ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡಿದರೆ ತಿಳಿಯುತ್ತದೆ. ಕಡಿಮೆ ಇದ್ದರೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಕರಗಿಸಿ ಹಾಕಿ ಮೇಲೆ ತರಬಹುದು. ಬೋರಿನ ನೀರಾದರೆ ಕಬ್ಬಿಣದ ಕಾಟ. ಕ್ಲೋರಿನ್ ಬಿದ್ದ ಕೂಡಲೇ ನೀರು ಚಹಾ ಬಣ್ಣಕ್ಕೆ ತಿರುಗಿ, ಆ ಕೆಸರೆಲ್ಲ ಫಿಲ್ಟರಿಗೆ ಹೋಗಿ ಕೂರುತ್ತದೆ. ಅಲ್ಲಿಗೆ ಮತ್ತೆ ಹರಿವಿನ ತೊಂದರೆ. ಮೊಗ್ರಾಲ್, ಕುಂಬಳೆಯ ಕಡಲ ಬದಿಯವರು ಬೇಸಗೆಯಲ್ಲಿ ಬಾವಿ ನೀರು ಉಪ್ಪಾಗಿದೆಯೇ ನೋಡಿಯೇ ಟಬ್ ತುಂಬಿಸಿ.

ಕೈ ಹಾಕಬಾರದ ಜಾಗ

ದೊಡ್ಡಪ್ಪನ ಮಗನ ಕಥೆಯಲ್ಲಿ ಒಂದು ತುಂಡು ಬಿಟ್ಟಿದ್ದೆ. ಎರಡನೇ ಸಲ ಓ ಎಚ್ ಬಂದಾಗ ಕರೆಸಿದ ಒಬ್ಬ ಎಲೆಕ್ಟ್ರಿಷಿಯನ್, "ಇದು ಸುಮ್ನೆ ಸೆನ್ಸರಿನ ಕಿರಿಕಿರಿ" ಎಂದು ಫ್ಲೋ ಸ್ವಿಚ್ಚಿನ ಎರಡು ತುದಿಗೆ ತಂತಿ ಸುತ್ತಲು ಹೊರಟಿದ್ದ. ತಂತಿ ಸುತ್ತಿದ್ದರೆ ನೀರು ಓಡದಿದ್ದರೂ ಓಡುತ್ತಿದೆ ಎಂದೇ ಬೋರ್ಡು ನಂಬುತ್ತಿತ್ತು. ಮುಕ್ಕಾಲು ನಿಮಿಷದ ಲೆಕ್ಕ ನೆನಪಿದೆಯಲ್ಲ. ಪುಣ್ಯಕ್ಕೆ ಅವನ ಹತ್ತಿರ ಆ ದಿನ ಸರಿಯಾದ ತಂತಿ ಇರಲಿಲ್ಲ!

ಆರ್‌ಸಿಸಿಬಿ ಪದೇಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಕನೆಕ್ಷನ್ ಕೊಡುವುದೂ ಅಂಥದ್ದೇ. ಅದು 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವುದು ಒದ್ದೆ ಮೈಯಲ್ಲಿ ಕೂತವರ ಜೀವ ಉಳಿಸಲು. ನೀರು ಎಳೆಯುವ ಬಾಯಿಯ ಜಾಲರಿ ಮುಚ್ಚಳವನ್ನು ಹರಿವು ಹೆಚ್ಚಲಿ ಎಂದು ತೆಗೆಯುವವರೂ ಇದ್ದಾರೆ. ಉದ್ದ ಕೂದಲು ಅಲ್ಲಿ ಸಿಕ್ಕಿಕೊಂಡರೆ ತಲೆ ಮೇಲೆತ್ತಲು ಆಗುವುದಿಲ್ಲ. ಜಾಲರಿ ಒಡೆದಿದ್ದರೆ ಹೊಸದು ಬರುವ ತನಕ ಟಬ್ಬಿಗೆ ಬೀಗ.

ಓವರ್‌ಹೀಟ್ ಅಕ್ಷರ ಬಂದಾಗ ಮಾಡಬೇಕಾದದ್ದು ಇಷ್ಟೇ. ಯಾರೂ ಇಳಿಯುವುದು ಬೇಡ. ಮುಚ್ಚಳ ತೆರೆದು ತಣಿಯಲು ಬಿಡಿ. ತಣಿದ ಮೇಲೆ ಯಾವುದಾದರೂ ಬಟನ್ ಒತ್ತಿದರೆ ಸಾಮಾನ್ಯವಾಗಿ ಬೋರ್ಡು ಎಚ್ಚರವಾಗುತ್ತದೆ. ಆಗದಿದ್ದರೆ ಮೇನ್ ಇಳಿಸಿ ಫೋನ್ ಮಾಡಿ.

ಟಬ್ಬಿನ ಕೆಲಸ ಗೊತ್ತಿರುವವರು ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಬರಬೇಕು. ಬಂದು ಹೋಗುವ ಖರ್ಚೇ ರಿಪೇರಿಗಿಂತ ಜಾಸ್ತಿಯಾಗುವುದುಂಟು. ಫೋನ್ ಮಾಡುವ ಮೊದಲು ಡಿಸ್‌ಪ್ಲೇಯ ಫೋಟೋ ತೆಗೆಯಿರಿ, ಬೋರ್ಡಿನ ಪೆಟ್ಟಿಗೆ ಮೇಲಿನ ಮಾಡೆಲ್ ನಂಬರಿನ ಫೋಟೋ ಕೂಡ. ಫಿಲ್ಟರ್ ತೆಗೆದಾಗ ಅಕ್ಷರ ಹೋಯಿತೇ ಇಲ್ಲವೇ, ಪಂಪಿನ ಸದ್ದು ಹೇಗಿದೆ, ಥರ್ಮಾಮೀಟರ್ ಎಷ್ಟು ತೋರಿಸಿತು, ಇದನ್ನು ಕನ್ನಡವೋ ತುಳುವೋ ಮಲಯಾಳವೋ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಪಂಪಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ಕೆಪಾಸಿಟರ್ ತರಬೇಕೋ ಸೆನ್ಸರ್ ತರಬೇಕೋ ಎಂದು ಅವರು ಹೊರಡುವ ಮೊದಲೇ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ.